ಗಿಟಾರ್ ಕಟ್ಟಿಕೊಟ್ಟ ಆಂಟಿ

ಅವರ ಎಡಗೈಯ ಬಳೆಗಳ ನಡುವೆ ಯಾವಾಗಲೂ ನಾಲ್ಕಾರು ಸುತ್ತು ದಾರ ಇರುತ್ತಿತ್ತು. ಹೂವಿನ ಪೊಟ್ಟಣದ್ದೋ, ಸಿಹಿಯಂಗಡಿಯ ಡಬ್ಬಿಯದೋ, ಬಿಚ್ಚಿದ ದಾರವನ್ನು ಎಸೆಯದೆ ಮಣಿಕಟ್ಟಿಗೆ ಸುತ್ತಿಕೊಳ್ಳುವುದು ರೂಢಿ. ವಿಜಯನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಅವರು. ಕೆಳಗೆ ಅವರು, ಮೇಲೆ ನಾನು. ಓನರ್ ಆಂಟಿ ಎಂದೇ ಕರೆಯುತ್ತಿದ್ದೆ. ರಟ್ಟು, ಹಳೇ ಸೀರೆ, ಪೇಪರು ಯಾವುದೂ ಆ ಮನೆಯಿಂದ ಆಚೆ ಹೋಗುತ್ತಿರಲಿಲ್ಲ. ಎಲ್ಲ ದಸರಾ ಬೊಂಬೆಗಳ ಪಾಲು. ಹಬ್ಬ ಮುಗಿದು ಬೊಂಬೆ ಕಟ್ಟಿಡುವಾಗ ಹತ್ತಿರ ಸುಳಿದರೆ ಬೈಗುಳ ಗ್ಯಾರಂಟಿ.

ನಾನು ಗಿಟಾರ್ ಹೇಳಿಕೊಡುತ್ತಿದ್ದವಳು. ನರದ ತೊಂದರೆಯಿಂದ ಎಡಗೈಯ ಎರಡು ಬೆರಳು ಮಾತು ಕೇಳದಂತಾದಾಗ ಪಾಠ ನಿಲ್ಲಿಸಿದೆ. ಮೂಲೆಯಲ್ಲಿ ನಿಂತ ಗಿಟಾರನ್ನು ನೋಡಿದರೆ ಸಂಕಟ. ಇನ್ನೊಬ್ಬರ ಕೈಯಲ್ಲಾದರೂ ನುಡಿಯಲಿ ಎಂದು ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿದೆ. ಬೆಳಗಾವಿಯ ಹುಡುಗಿಯೊಬ್ಬಳು ಕೊಂಡಳು. ಆದರೆ ಪ್ಯಾಕ್ ಮಾಡಿ ಕಳಿಸಲು ಕೊರಿಯರ್‌ನವರು ಹೇಳಿದ ದರ ಕೇಳಿ ತಲೆ ತಿರುಗಿತು. ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದವಳನ್ನು ಆಂಟಿ ವಿಚಾರಿಸಿದರು.

"ಮದ್ವೆ ಆದಾಗಿಂದ ಬೊಂಬೆ ಕಟ್ಟಿಡ್ತಿದೀನಿ, ಇದೊಂದು ಕಟ್ಟಕ್ಕಾಗಲ್ವಾ? ತಗೊಂಡ್ ಬಾರಮ್ಮ ಕೆಳಗೆ."

ಸೈಕಲ್ ಅಂಗಡಿಯಿಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಪುಕ್ಕಟೆ ತಂದರು. ತೂಕ ಮಾತ್ರವಲ್ಲ, ಪೆಟ್ಟಿಗೆಯ ಅಳತೆಗೂ ದುಡ್ಡು ಹಾಕುತ್ತಾರೆ ಎಂದು ನಾನು ಹೇಳಿದ್ದೇ ತಡ, "ಗಾಳಿಗೂ ಬಾಡಿಗೆ ಕಟ್ಬೇಕಾ?" ಎನ್ನುತ್ತ ಕತ್ತರಿಸಿ ಗಿಟಾರಿನ ಮೈಗೆ ತಕ್ಕಷ್ಟೇ ಉಳಿಸಿದರು. ನಾನು ತಂತಿಗಳನ್ನು ಸಡಿಲಿಸಿದೆ. ಅವರು ಕೈಯಾಡಿಸಿ ನೋಡಿ, "ಒಡೆಯೋದು ಯಾವಾಗ್ಲೂ ಕುತ್ತಿಗೇಲೇ ಕಣಮ್ಮ, ಬೊಂಬೆ ಆದ್ರೂ ಅಷ್ಟೇ" ಎಂದರು.

ಇಷ್ಟಾದರೂ ಕಟ್ಟಲಿಲ್ಲ. ಚಾಪೆ ಹಾಸಿ ಗಿಟಾರನ್ನು ಮಲಗಿಸಿದರು. ದಸರಾದ ಕೊನೆಗೆ ರಾಜ-ರಾಣಿಯ ಪಟ್ಟದ ಬೊಂಬೆಗಳನ್ನು ಮಲಗಿಸಿ, ಮರುದಿನವೇ ಕಟ್ಟಿಡುವುದು ಪದ್ಧತಿ. ಇದಕ್ಕೂ ಅದೇ ಶಾಸ್ತ್ರ! ಸಂಜೆ ಕೊರಿಯರ್‌ನವನು ಬರುವವನಿದ್ದ. ನನಗೆ ರೇಗಿತು.

"ಇದು ಗಿಟಾರ್ ಆಂಟಿ, ದೇವರಲ್ಲ."

"ನಾನೆಲ್ಲಿ ದೇವ್ರು ಅಂದೆ? ಮಾರ್‌ಬುಟ್ಟೆ ಅಂತೀಯ, ಕಟ್ಟಕ್ಕೆ ಕೈ ಹಾಕಿದ್ರೆ ನಿನ್ನ ಮುಖ ನೋಡಕ್ಕಾಗಲ್ಲ. ಒಂದಿನ ಇರ್ಲಿ ಬುಡು."

ಕೊರಿಯರ್‌ನವನಿಗೆ ನಾಳೆ ಬರಲು ಹೇಳಿದೆ. ಸಂಜೆಯೆಲ್ಲ ಚಾಪೆಯ ಪಕ್ಕ ಕೂತು ಅತ್ತೆ. ಅವರು ಅಡುಗೆಮನೆಯಿಂದ ಈಚೆ ಬರಲೇ ಇಲ್ಲ.

ಬೆಳಿಗ್ಗೆ ಕುತ್ತಿಗೆಗೆ ಹಳೇ ವಾಯಲ್ ಸೀರೆ ಸುತ್ತಿ, ತಲೆಯ ಕೆಳಗೆ ಪೇಪರಿನ ಒತ್ತು ಕೊಟ್ಟು, ಸಂದುಗೊಂದಿಗೆಲ್ಲ ಬಟ್ಟೆ ತುರುಕಿದರು. "ಅಲ್ಲಾಡ್ಸಿ ನೋಡು" ಎಂದರು. ಒಳಗೆ ಏನೂ ಕದಲಲಿಲ್ಲ.

ಪಾರ್ಸೆಲ್ ತಲುಪಿದ ದಿನ ಹುಡುಗಿ ಫೋನ್ ಮಾಡಿದಳು. ಆಂಟಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಗಿಟಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ತಂತಿಗಳನ್ನು ತಾನೇ ಬಿಗಿದುಕೊಂಡು ಖುಷಿಯಲ್ಲಿ ನುಡಿಸತೊಡಗಿದಳು. ಕೇಳಲಾರದೆ ಫೋನ್ ಇಡಲು ಹೋದೆ. ಪಕ್ಕದಲ್ಲಿದ್ದ ಆಂಟಿ ನನ್ನ ಕೈ ಹಿಡಿದರು.

"ಎಲ್ಲೋ ಅಪಸ್ವರ ಹೊಡೀತಿದೆ. ನಿಂಗೆ ಗೊತ್ತಾಗ್ತಿಲ್ವಾ?"

"ಗೊತ್ತಾಗ್ತಿದೆ."

"ಮತ್ತೆ ಹೇಳು ಅವಳಿಗೆ. ಬೆರಳು ಹೋದ್ರೆ ಕಿವೀನೂ ಹೋಯ್ತಾ?"

ಯಾವ ತಂತಿ, ಎಷ್ಟು ಬಿಗಿಯಬೇಕು ಎಂದು ಹೇಳಿದೆ. ಮರುವಾರ ಅವಳೇ ಮತ್ತೆ ಫೋನ್ ಮಾಡಿ ಇನ್ನೇನೋ ಕೇಳಿದಳು. ಹಾಗೇ ಪಾಠ ಶುರುವಾಯಿತು. ಆಮೇಲೆ ಅವಳ ಗೆಳತಿಯರೂ ಸೇರಿಕೊಂಡರು. ಮೇಲಿಂದ ನನ್ನ ಗದರಿಕೆ ಕೇಳಿಸಿದರೆ ಆಂಟಿಗೆ ಎಲ್ಲಿಲ್ಲದ ಸಂತೋಷ. "ಮೆತ್ತಗೆ ಬಯ್ಯಮ್ಮ, ಓಡೋಗ್ಬುಟ್ಟಾರು" ಎಂದು ಕೆಳಗಿನಿಂದಲೇ ಕೂಗುತ್ತಿದ್ದರು.

ಹೋದ ವರ್ಷ ಆಂಟಿ ತೀರಿಕೊಂಡರು. ಅವತ್ತು ಪಾಠವಿಲ್ಲ ಎಂದಾಗ ಬೆಳಗಾವಿಯ ಹುಡುಗಿ ಕಾರಣ ಕೇಳಿದಳು. ನಿನ್ನ ಗಿಟಾರ್ ಕಟ್ಟಿಕೊಟ್ಟವರು ಹೋದರು ಎಂದೆ. ನಿಜ ಹೇಳಬೇಕೆಂದರೆ, ಅದನ್ನು ಮಾರಿದ ದಿನ ಸಂಗೀತದ ಸಹವಾಸವೇ ಸಾಕು ಎಂದು ನಿರ್ಧರಿಸಿದ್ದೆ. ಪಾರ್ಸೆಲ್ ತಲುಪಿದ ದಿನ ಅವರು ನನ್ನ ಕೈ ಹಿಡಿಯದಿದ್ದರೆ ಆ ಫೋನ್ ಇಟ್ಟುಬಿಡುತ್ತಿದ್ದೆ.