ಟೂಂಗಾಬಿಯ ಜಪಾನಿ ಆಂಟಿ

ಯಾವುದಾದರೂ ಜಪಾನಿ ಅಕ್ಷರ ನೆನಪಾಗದಿದ್ದರೆ ಆಂಟಿ ಎಡ ಅಂಗೈ ಬಿಡಿಸಿ, ಬಲಗೈ ತೋರುಬೆರಳಿನಿಂದ ಅದರ ಮೇಲೆ ಗೀಚುತ್ತಿದ್ದರು. ಟ್ರೈನಿನಲ್ಲಿ, ಅಂಗಡಿಯ ಕ್ಯೂನಲ್ಲಿ, ಒಮ್ಮೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಯ ನಡುವೆ ಕೂಡ. ಮುಖ ಅರಳಿತೆಂದರೆ ಅಕ್ಷರ ಸಿಕ್ಕಿತು ಎಂದೇ ಅರ್ಥ.

ಉಡುಪಿ ಕಡೆಯ ತುಳು ಮನೆಯವರು. ಹಡಗು ಕಂಪನಿಯಲ್ಲಿದ್ದ ಗಂಡನ ಜೊತೆ ಜಪಾನಿನ ಕೋಬೆಗೆ ಹೋಗಿ, ತರಕಾರಿ ಅಂಗಡಿಯ ಹೆಂಗಸಿನೊಡನೆ ಚೌಕಾಸಿ ಮಾಡುತ್ತ ಜಪಾನಿ ಕಲಿತರು. ಆಮೇಲೆ ಕ್ಲಾಸಿಗೆ ಸೇರಿ ಓದು ಬರಹ ಗಟ್ಟಿ ಮಾಡಿಕೊಂಡರು. ಎಪ್ಪತ್ತರ ದಶಕದಲ್ಲಿ ಅವರು ಸಿಡ್ನಿಯ ಟೂಂಗಾಬಿ ಬಡಾವಣೆಗೆ ಬಂದಾಗ ಇಲ್ಲಿ ಜಪಾನಿ ಅನುವಾದಕರು ಬೆರಳೆಣಿಕೆಯಷ್ಟು. ಯಂತ್ರಗಳ ಕೈಪಿಡಿಯಿಂದ ಕೋರ್ಟಿನವರೆಗೆ ಎಲ್ಲದಕ್ಕೂ ಆಂಟಿಯೇ ಬೇಕು. ನಾನು ಅವರನ್ನು ಕಂಡದ್ದು ಎರಡು ಸಾವಿರದ ದಶಕದ ಆರಂಭದಲ್ಲಿ, ಸಿಡ್ನಿಯದೇ ಚಾಟ್ಸ್‌ವುಡ್‌ನಲ್ಲಿ, ನಾನಿದ್ದ ಜಪಾನಿ ಕಂಪನಿಯ ಆಫೀಸಿನಲ್ಲಿ. ಹತ್ತಿ ಸೀರೆ, ಕಾಲಿಗೆ ಬಿಳಿ ಸ್ನೀಕರ್ಸ್. ಒಳಗೆ ಬಂದ ಕೂಡಲೇ ಜಪಾನಿನ ಮ್ಯಾನೇಜರುಗಳೆಲ್ಲ ಎದ್ದು ನಿಂತು ತಲೆಬಾಗಿದರು. "ಸೆನ್‌ಸೇ" ಎಂದರು, ಗುರುಗಳೇ ಎಂದು.

ಬೆಂಗಳೂರಿನಲ್ಲಿ ಎರಡು ವರ್ಷ ಜಪಾನಿ ಕಲಿತಿದ್ದ ನನ್ನನ್ನು ಅವರೇ ಸಹಾಯಕಿಯಾಗಿ ಸೇರಿಸಿಕೊಂಡರು. ಮೊದಲ ಪಾಠ ಒಂದೇ: "'ಅವರು ಹೀಗೆ ಹೇಳ್ತಾರೆ' ಅನ್ಲಿಕ್ಕಿಲ್ಲ. ಅವರು 'ನಾನು' ಅಂದ್ರೆ ನೀನೂ 'ನಾನು' ಅನ್ನು. ನಡುವೆ ನಿಂದೆಂತ ಕೆಲಸ?"

ಒಮ್ಮೆ ಮೆಲ್ಬರ್ನ್‌ನಿಂದ ಒಬ್ಬ ಆಸ್ಟ್ರೇಲಿಯನ್ ಹೆಂಗಸು ಫೋನ್ ಮಾಡಿದಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿಯ ಸೈನಿಕನನ್ನು ಮದುವೆಯಾಗಿ ಬಂದಿದ್ದ ಅವಳ ಜಪಾನಿ ತಾಯಿಗೆ ಮರೆವಿನ ಕಾಯಿಲೆ. ಇಂಗ್ಲಿಷ್ ಪೂರ್ತಿ ಹೋಗಿದೆ. ಮಗಳಿಗೆ ಜಪಾನಿ ಬಾರದು. ಇಬ್ಬರೂ ಮಾತಾಡಿ ಎಂಟು ತಿಂಗಳಾಗಿತ್ತು.

ನಾವಿಬ್ಬರೂ ಹೋದೆವು. ನರ್ಸಿಂಗ್ ಹೋಮಿನ ಕಿಟಕಿಯ ಬಳಿ ಕುಳಿತಿದ್ದ ಮುದುಕಿ ಮಗಳನ್ನು ನೋಡಿ ಏನೋ ಅಂದಳು. ಆಂಟಿ ದನಿ ತಗ್ಗಿಸದೆ ಮಗಳಿಗೆ ಇಂಗ್ಲಿಷಿನಲ್ಲಿ ಹೇಳಿದರು: "ನೀನು ಯಾರೆಂದು ನನಗೆ ಗೊತ್ತಿಲ್ಲ."

ಮಗಳ ಮುಖ ಬಿಳಿಚಿತು. ನಾನು ಆಂಟಿಯ ಕಿವಿಯಲ್ಲಿ, "ಸ್ವಲ್ಪ ಸಾಫ್ಟಾಗಿ ಹೇಳ್ಬಹುದಿತ್ತಲ್ವಾ ಆಂಟಿ?" ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

ಮಗಳು ತಾಯಿಯ ಎದುರು ಕುರ್ಚಿ ಎಳೆದುಕೊಂಡು ಕುಳಿತು, "ನಿಮಗೆ ಮಗಳಿದ್ದಾಳಾ?" ಎಂದು ಕೇಳಿದಳು. ಆಂಟಿ ಅದನ್ನು ಜಪಾನಿಗೆ ತಿರುಗಿಸಿದರು. ಮುದುಕಿ ಮೆಲ್ಲಗೆ ಉತ್ತರಿಸುತ್ತ ಹೋದಂತೆ ಆಂಟಿಯೂ ಹೇಳುತ್ತ ಹೋದರು: "ಇದ್ದಾಳೆ, ತುಂಬಾ ಜಾಣೆ. ಶಾಲೆಯ ಗೇಟಿನಲ್ಲಿ ನಾನು ಜಪಾನಿ ಮಾತಾಡಿದರೆ ಬೇರೆ ಮಕ್ಕಳು ಅವಳನ್ನು ಆಡಿಕೊಳ್ಳುತ್ತಿದ್ದರು. ಅದಕ್ಕೇ ನಿಲ್ಲಿಸಿಬಿಟ್ಟೆ. ಮನೆಯಲ್ಲೂ ನಿಲ್ಲಿಸಿದೆ. ಅದೊಂದು ತಪ್ಪು ಮಾಡಿದೆ."

ಮಗಳು ಕಣ್ಣೊರೆಸಿಕೊಂಡು, ಅಮ್ಮ ಎನ್ನುವುದು ಹೇಗೆಂದು ಆಂಟಿಯನ್ನು ಕೇಳಿದಳು. ಆಮೇಲೆ ತಾಯಿಯ ಮುಂದೆ ಮಂಡಿಯೂರಿ, "ಒಕಸನ್" ಎಂದಳು.

"ಒಕಾಸನ್," ಎಂದು ತಾಯಿ ತಿದ್ದಿದಳು. "ಕಾ... ಕಾ... ಎಳೆದು ಹೇಳು ಮಗು."

ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ಆಂಟಿ ಅಂದರು: "ನಾನು ಅಲ್ಲಿ ಚಂದ ಮಾಡಿ ಒಂದು ಸುಳ್ಳು ಹೇಳಿದ್ರೆ ಅವಳು 'ಮಗಳಿದ್ದಾಳಾ' ಅನ್ನುವ ಆ ಪ್ರಶ್ನೆ ಕೇಳ್ತಿದ್ಲಾ ಮಾರಾಯ್ತಿ?"

ಎರಡು ವರ್ಷದ ನಂತರ ಆಂಟಿ ಹೃದಯಾಘಾತದಿಂದ ತೀರಿಕೊಂಡರು. ಕೆಲವೇ ದಿನಗಳಲ್ಲಿ ಒಂದು ಆಸ್ಪತ್ರೆ ಅವರ ಬದಲಿಗೆ ನನ್ನನ್ನು ಕರೆಸಿತು. ಜಪಾನಿನ ವೃದ್ಧರೊಬ್ಬರಿಗೆ ವಾಸಿಯಾಗದ ಕ್ಯಾನ್ಸರ್. ಡಾಕ್ಟರ್ ಹೇಳತೊಡಗಿದಾಗ, ಹೇಳಬೇಡ ಎಂದು ವೃದ್ಧರ ಮಗ ನನಗೆ ಕಣ್ಸನ್ನೆ ಮಾಡಿದ. ನಾನು ಒಂದು ಶಬ್ದವನ್ನೂ ಬಿಡದೆ ಹೇಳಿದೆ.

ವೃದ್ಧರು ಹಾಸಿಗೆಯಲ್ಲೇ ತಲೆಬಾಗಿದರು. "ಥ್ಯಾಂಕ್ಸ್. ಇಷ್ಟು ದಿನ ಎಲ್ಲರೂ ನನ್ನ ಜೊತೆ ಬರೀ ಹವಾಮಾನದ ವಿಷಯ ಮಾತಾಡುತ್ತಿದ್ದರು," ಎಂದರು. ಆಮೇಲೆ ಡಾಕ್ಟರ ಕಡೆ ತಿರುಗಿ, ತಮ್ಮ ಮೊದಲ ಪ್ರಶ್ನೆ ಕೇಳಿದರು.