ಕಣ್ಣೂರಿನ ಬೀಬಿಯರು, ಕಾರ್ಕಳದ ಬಸ್ಸು

ಉಡುಪಿ ನಿಲ್ದಾಣದಲ್ಲಿ ಕಾರ್ಕಳದ ಬಸ್ಸು ಹತ್ತಿ ಕುಳಿತಿದ್ದೆ. ಕೈಯಲ್ಲಿದ್ದ ಪುಸ್ತಕದ ಪ್ರಕಾರ, ಕಣ್ಣೂರಿನ ಮುಸ್ಲಿಂ ರಾಜಮನೆತನದಲ್ಲಿ ಹೆಂಗಸರು ಆಳಿದ್ದು ಗಂಡಸರಿಲ್ಲದಾಗ ಮಾತ್ರ. ಇದನ್ನು ನಾನು ನಂಬಲಾರೆ. ಆ ಮನೆಯಲ್ಲಿ ಹೆಣ್ಣಾಗಲಿ ಗಂಡಾಗಲಿ, ಹಿರಿಯರಿಗೇ ಗದ್ದುಗೆ; ಆಳುವ ಹೆಣ್ಣಿಗೆ ಬೀಬಿ ಎಂಬ ಬಿರುದು. ತನ್ನ ದ್ವೀಪಗಳಿಗಾಗಿ ಕಂಪೆನಿ ಸರಕಾರದೊಡನೆ ಪಟ್ಟುಹಿಡಿದು ವಾದಿಸಿದ ಬೀಬಿ, ಯಾರದೋ ಖಾಲಿ ಜಾಗ ತುಂಬಿದವಳಲ್ಲ.

ಪಕ್ಕದಲ್ಲಿದ್ದ ಕಾಪುವಿನ ಬ್ಯಾರಿ ಮುದುಕಿಗೆ ಇದನ್ನು ಹೇಳಿದೆ.

“ತಮ್ಮಂದಿರು ಸುಮ್ಮನೆ ಕೂತರಾ?”

“ಕೂತಿರಲಾರರು.”

“ಹಾಗಾದರೆ ಈ ಪುಸ್ತಕ ಬರೆದದ್ದು ಯಾರೋ ತಮ್ಮನೇ ಮಾರಾಯ್ರೆ!” ಎಂದು ನಕ್ಕಳು. “ನಿಮ್ಮೊಟ್ಟಿಗೆ ಯಾರುಂಟು?”

“ಯಾರೂ ಇಲ್ಲ.”

ನಮ್ಮದು ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಕುಟುಂಬ. ಅಣ್ಣ ತೀರಿಕೊಂಡ ಮೇಲೆ ನಾನೇ ಹಿರಿಯಳು, ಯಜಮಾನಿಕೆ ನನಗೆ ಬರಬೇಕು. ಅದನ್ನು ತಮ್ಮನಿಗೆ ವಹಿಸಲು ಇಂದು ಕಾರ್ಕಳದ ಕುಟುಂಬದ ಮನೆಯಲ್ಲಿ ಎಲ್ಲರೂ ಸೇರುತ್ತಿದ್ದಾರೆ. ನನ್ನ ಪರವಾಗಿ ಬಾಯಿಬಿಡುವವರು ಅಲ್ಲಿ ಒಬ್ಬರೂ ಇಲ್ಲ.

ಅಷ್ಟರಲ್ಲಿ ತಮ್ಮನ ಫೋನು ಬಂತು.

“ಅಕ್ಕ, ಈ ಬಿಸಿಲಿಗೆ ನೀವು ಎಂತಕ್ಕೆ ಬರುವುದು? ನಾವೇ ತೀರ್ಮಾನ ಮಾಡ್ತೇವೆ, ಅಲ್ವಾ?”

“ಮಣಿಪಾಲ ದಾಟಿ ಆಯಿತು ಮಾರಾಯ. ನಾನು ಬಂದ ಮೇಲೆಯೇ ಶುರು ಮಾಡಿ.”

ಬಸ್ಸಿಗೆ ಚಾಲಕ ಇನ್ನೂ ಹತ್ತಿರಲಿಲ್ಲ.