ಕೌದಿ ಬಿಚ್ಚಿ ಮಾಡಿದ ಉಚ್ಚೆಬಟ್ಟೆ

ಸೊರಬಕ್ಕೆ ಬಂದು ಮೂರನೇ ದಿನ. ಬೆಳಿಗ್ಗೆ ಹಲ್ಲುಜ್ಜೋಕೆ ಅಂತ ಹೊರಗೆ ಬಂದೆ. ಮನೆ ಓನರ್ ಗಿರಿಜಕ್ಕನ ಅಂಗಳದಲ್ಲಿ ಹತ್ತು ಜನ ಸುತ್ತ ನಿಂತಿದ್ರು. ಮಧ್ಯ ರಂಗೋಲಿ ಮೇಲೆ ಬೆಳ್ಳಗೆ ಊದ್ಕೊಂಡಿರೋ ಗಂಟೊಂದು ಬಿದ್ದಿತ್ತು. ಯಾರೋ ಆಗಲೇ ಅದರ ಸುತ್ತ ಬೂದಿ ಗೆರೆ ಎಳೆದಿದ್ರು.

"ಮಾಟವೇ ಇದು. ಒಳಗೆ ಎಂತದೋ ತುಂಬಿದಾರೆ ನೋಡಿ" ಅಂದ್ರು ಪಕ್ಕದ ಮನೆಯೋರು.

ನಾನು ಬಗ್ಗಿ ನೋಡಿದೆ. ಮಾಟನೂ ಅಲ್ಲ, ಮಣ್ಣೂ ಅಲ್ಲ. ನನ್ನ ಮಗಳ ಪ್ಯಾಡು. ಮಕ್ಕಳಿಗೆ ಕಟ್ಟಿ, ಒದ್ದೆಯಾದ ಮೇಲೆ ಎಸೆಯೋ ಪ್ಯಾಡು. ಹಿಂದಿನ ದಿನ ಹಿತ್ತಲ ತಿಪ್ಪೆಗೆ ಹಾಕಿದ್ದೆ. ನಾಯಿ ಕಚ್ಕೊಂಡು ಬಂದು ಸರಿಯಾಗಿ ಓನರ್ ಬಾಗಿಲಿಗೆ ತಂದು ಇಟ್ಟಿತ್ತು.

"ಇದು ನಮ್ಮ ಪುಟ್ಟಿದು. ಉಚ್ಚೆ ಕುಡಿದು ಊದಿಕೊಂಡೈತೆ ಅಷ್ಟೆ" ಅಂದೆ.

ಮಾಟ ಅಂದಾಗ ಹೆದರಿಕೊಂಡು ನಿಂತಿದ್ದ ಜನ ಈಗ ಅಸಹ್ಯ ಪಟ್ಟು ಹಿಂದೆ ಸರಿದ್ರು. ಗಿರಿಜಕ್ಕ ಮೂಗಿಗೆ ಸೆರಗು ಹಿಡಿದು ಅಂದ್ಲು, "ಮಾಟವೇ ಆಗಿದ್ರೆ ವಾಸಿಯಿತ್ತು ಮಾರಾಯ."

ಶಿಕಾರಿಪುರದ ಕಡೆಯೋನು ಸೊರಬಕ್ಕೆ ಹೋಗಿ ವಲಸೆ ಅಂತ ಬರೀತಾನೆ ಅಂತ ನೀವು ನಗಬಹುದು. ನಗ್ರಿ. ನಾನು ಓದಿದ್ದು ಐದನೇ ಕ್ಲಾಸು. ಹದಿನಾರಕ್ಕೆ ಬಾಂಬೆಗೆ ಹೋದೆ, ಸುಟ್ಟ ಮೋಟರಿಗೆ ತಂತಿ ಸುತ್ತೋ ವೈಂಡಿಂಗ್ ಕಲ್ತೆ, ಅಲ್ಲೇ ಮದುವೆ ಆದೆ. ತೊಂಬತ್ತಾರರ ದೀಪಾವಳಿ ಆದ ಮೇಲೆ ಸೊರಬದ ಒಂದು ವೈಂಡಿಂಗ್ ಶಾಪಿನಲ್ಲಿ ಕೆಲಸ ಸಿಕ್ತು, ಬಂದೆ. ಬಾಂಬೇಲಿ ಇರೋದು ಒಂದು ದಿನಕ್ಕೆ ಕಲ್ತೆ. ನಮ್ಮೂರಿಂದ ಮೂರು ಬಸ್ ಸ್ಟಾಪ್ ಆಚೆ ಇರೋದು ಇನ್ನೂ ಕಲೀತಾ ಇದೀನಿ.

ಬಾಂಬೇಲಿ ಎಸೆದಿದ್ದು ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳಲ್ಲ. ಇಲ್ಲಿ ಎಸೆದಿದ್ದು ಯಾರ ಮನೇದು ಅಂತ ನಾಯಿಗೂ ಗೊತ್ತು. ನನ್ನ ಹೆಂಡತಿ ಸುನಂದಾ ಅಲ್ಲಿ ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ಮಾಡ್ತಿದ್ಲು. ಹೊರದೇಶದ ಮಕ್ಕಳ ಸಾಮಾನು. ಹರಿದ ಪ್ಯಾಕೆಟ್ಟು ಇದ್ರೆ ಹೆಂಗಸರಿಗೆ ಹಂಚಿಬಿಡ್ತಿದ್ರು. ನಾವು ದುಡ್ಡಿರೋರ ಥರ ಮಗಳಿಗೆ ಹುಟ್ಟಿದ ತಿಂಗಳಿಂದ ಅದನ್ನೇ ಕಟ್ಟಿದ್ವಿ. ಹೊರಡುವಾಗ ಎರಡು ಗೋಣಿಚೀಲ ತುಂಬ ತಂದ್ವಿ. ಪುಕ್ಕಟೆ ಕೊಟ್ಟು ಚಟ ಹಿಡಿಸೋದು ಅಂದ್ರೆ ಏನು ಅಂತ ಆ ಚೀಲ ಖಾಲಿ ಆಗ್ತಾ ಬಂದಾಗ ಗೊತ್ತಾಯ್ತು.

ನಾಯಿ ಕಥೆ ಆದ ಮೇಲೆ ಹೂಳೋಣ ಅಂತ ಹೋದೆ. ಮಳೆ ಬಂತು, ಹೂಳಿದ್ದೆಲ್ಲ ಉಬ್ಬಿ ಅಣಬೆ ಥರ ಮೇಲೆ ಎದ್ವು. ಸುಡೋಣ ಅಂತ ಗಿರಿಜಕ್ಕನ ಬಚ್ಚಲ ಒಲೆಗೆ ಎರಡು ತುರುಕಿದೆ. ಒಳಗೆ ಅಂಟು ಅಂಟು ಲೋಳೆ ಇರ್ತದಲ್ಲ, ಅದು ಬೆಂಕಿಯನ್ನೇ ನುಂಗಿಬಿಡ್ತು. ಗಿರಿಜಕ್ಕನ ಯಜಮಾನ್ರು ಮೈಗೆ ಎಣ್ಣೆ ಹಚ್ಕೊಂಡು ತಣ್ಣೀರು ಹಂಡೆ ಮುಂದೆ ಕೂತಿದ್ರು.

ಆವತ್ತೇ ಗಿರಿಜಕ್ಕ ಬಂದ್ಲು. "ನೋಡು ಮಾರಾಯ, ಆ ದರಿದ್ರ ಇನ್ನು ನಮ್ಮ ಜಾಗದಲ್ಲಿ ಕಾಣಬಾರದು. ಕಂಡ್ರೆ ಅಮಾವಾಸ್ಯೆ ಒಳಗೆ ಮನೆ ಖಾಲಿ ಮಾಡು."

ಇದಕ್ಕೂ ಮುಂಚೆ ಮೂರು ಮನೆಯೋರು ನಮಗೆ ಮನೆ ಇಲ್ಲ ಅಂದಿದ್ರು. ನಾನು ಮಾತಾಡ್ತಿರೋವರೆಗೂ ಮನೆ ಖಾಲಿ ಇರ್ತಿತ್ತು. ಸುನಂದಾ ಬಾಯಿ ಬಿಟ್ಟ ತಕ್ಷಣ ತುಂಬಿಬಿಡ್ತಿತ್ತು. ಅವಳು ಮರಾಠಿಯೋಳು. "ನಿಮ್ಮೋಳು ಯಾವ ಕಡೆಯೋರು? ಯಾವ ಪೈಕಿ?" ಅಂತ ಕೇಳೋರು. ಗಿರಿಜಕ್ಕ ಒಬ್ಬಳೇ ಕೇಳಿರ್ಲಿಲ್ಲ. ಈ ಮನೆ ಹೋದ್ರೆ ಸೊರಬನೂ ಹೋಯ್ತು, ಕೆಲಸನೂ ಹೋಯ್ತು. ಹಂಗಾಗಿ ಉಚ್ಚೆಬಟ್ಟೆ ಅನ್ನೋದು ನಮ್ಮನೇಲಿ ಮಗುವಿನ ವಿಷಯ ಆಗಿರ್ಲಿಲ್ಲ. ಇರೋದಾ ಹೋಗೋದಾ ಅನ್ನೋ ವಿಷಯ ಆಗಿತ್ತು.

ಸುನಂದಾ ಹೇಳಿದ್ಲು, "ಹಳೇ ಕಾಟನ್ ಸೀರೆ ಬೇಕು. ಉಟ್ಟು ಉಟ್ಟು ಮೆತ್ತಗಾಗಿರೋದು."

ಅವಳ ಹತ್ರ ಇದ್ದಿದ್ದೆಲ್ಲ ಪಾಲಿಯೆಸ್ಟರ್. ಅವಳ ಮಾತು ಕೇಳೋ ಜಾತಿ ಅಲ್ಲ ನಾನು. "ಬಟ್ಟೆ ಬಟ್ಟೇನೇ" ಅಂತ ಪೇಟೆಗೆ ಹೋಗಿ ಹೊಸ ಬಿಳಿ ಬಟ್ಟೆ ಹರಿಸ್ಕೊಂಡು ಬಂದೆ. ಅಂಗಡಿಯೋನು "ಎಂತಕ್ಕೆ?" ಅಂದ. ಇಲ್ಲಿ ಏನು ಅನ್ನಲ್ಲ, ಎಂತ ಅಂತಾರೆ. "ಮಗು ಕುಂಡಿಗೆ" ಅಂದೆ. ಅವನು ನನ್ನ ಮುಖ ನೋಡಿದ, ಏನೋ ಹೇಳಬೇಕು ಅಂದ್ಕೊಂಡ, ಹೇಳಲಿಲ್ಲ. ಯಾಪಾರ ಕೆಡುತ್ತಲ್ಲ.

ಹೊಸ ಬಟ್ಟೆಗೆ ಗಂಜಿ ಇರ್ತದೆ. ಮೂರು ಸಲ ಒಗೆದ್ರೂ ಹಲಗೆ ಥರ. ಎರಡೇ ದಿನಕ್ಕೆ ಪುಟ್ಟಿಯ ತೊಡೆಸಂದು ಕೆಂಪಗೆ ಸುಲಿದು ಹೋಯ್ತು. ಒಂದು ವರ್ಷದ ಮೇಲೆ ಎರಡು ತಿಂಗಳ ಮಗು, ಆಗಷ್ಟೆ ನಡೆಯೋಕೆ ಕಲ್ತಿತ್ತು. ಕಾಲು ಅಗಲ ಮಾಡ್ಕೊಂಡು ಗೋಡೆ ಹಿಡ್ಕೊಂಡು ನಿಲ್ತಿತ್ತು. ಕೂರೋಕೆ ಆಗಲ್ಲ. ಪ್ಯಾಡಿನಲ್ಲಿ ಬೆಳೆದ ಮಗುಗೆ ಒದ್ದೆ ಅಂದ್ರೆ ಏನು ಅಂತಾನೇ ಗೊತ್ತಿರ್ಲಿಲ್ಲ. ಉಚ್ಚೆ ಆದ ತಕ್ಷಣ ಯಾರೋ ಹೊಡೆದಂಗೆ ಅಳ್ತಿತ್ತು. ಮೋಟರ್ ಸುಟ್ಟುಕೊಂಡು ಬಂದ ರೈತನೂ ಹಂಗೆ ಅಳಲ್ಲ.

ಗಿರಿಜಕ್ಕ ಕೊಬ್ಬರಿಎಣ್ಣೆ ಬಟ್ಟಲು ತಂದು ಕೊಟ್ಲು. "ಹೊಸ ಬಟ್ಟೆ ಹಾಕ್ತಾರೇನೋ ಮಗುಗೆ? ಹಳೇದು ಹಾಕು."

"ನಿಮ್ಮ ಹತ್ರ ಇದ್ರೆ ಕೊಡಿ ಅಕ್ಕಾ."

"ನಮ್ಮನೇಲಿ ಉಟ್ಟ ಸೀರೆ ಹೊರಗಿನೋರಿಗೆ ಕೊಡಲ್ಲ. ನಮ್ಮತ್ತೆ ಕಾಲದಿಂದ ಇಲ್ಲ. ಬೇಜಾರು ಮಾಡ್ಕೋಬೇಡ."

ಸರಿ, ಪದ್ಧತಿ ಅಂದ್ಕೊಂಡು ಸುಮ್ಮನಾದೆ. ನಾಲ್ಕು ದಿನ ಆದ ಮೇಲೆ ಪಾತ್ರೆ ಬುಟ್ಟಿ ಹೊತ್ಕೊಂಡು ಒಬ್ಬಳು ಬಂದ್ಲು. ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡೋಳು. ಗಿರಿಜಕ್ಕ ಒಳಗಿಂದ ಎರಡು ಕಾಟನ್ ಸೀರೆ, ಮೂರು ಪ್ಯಾಂಟು ತಂದು ಹಾಕಿ ಮುಚ್ಚಳ ಇರೋ ಡಬ್ಬಿ ತಗೊಂಡ್ಲು. ನಾನು ಊಟಕ್ಕೆ ಬಂದಿದ್ದೆ, ಕಣ್ಣಾರೆ ನೋಡಿದೆ. ಬೀದೀಲಿ ಹೋಗೋಳು ಹೊರಗಿನೋಳಲ್ಲ. ಗೋಡೆ ಆ ಕಡೆ ಬಾಡಿಗೆ ಇರೋನು ಹೊರಗಿನೋನು. ಡಬ್ಬಿಗೆ ಆದ್ರೆ ಪದ್ಧತಿ ಬಗ್ಗುತ್ತೆ, ಮಗು ಚರ್ಮ ಸುಲಿದ್ರೆ ಬಗ್ಗಲ್ಲ. ಅನ್ನ ಬಿಟ್ಟು ಎದ್ದೆ.

ಪಾತ್ರೆಯೋಳ ಹಿಂದೆ ಬಸ್ ಸ್ಟ್ಯಾಂಡಿನವರೆಗೂ ಓಡಿದೆ. "ಆ ಎರಡು ಸೀರೆ ನನಗೆ ಕೊಡಮ್ಮ, ದುಡ್ಡು ಕೊಡ್ತೀನಿ" ಅಂದೆ.

ಅವಳು ಬುಟ್ಟಿ ಇಳಿಸಿ ನಕ್ಕಳು. "ನಾನು ಹಳೇ ಬಟ್ಟೆ ಕೇಳೋಳು ಕಣಣ್ಣ. ನೀನು ನನ್ನನ್ನೇ ಕೇಳ್ತೀಯಲ್ಲ."

"ಮಗುಗೆ. ಉಚ್ಚೆಬಟ್ಟೆಗೆ."

ನಗು ನಿಂತು ಹೋಯ್ತು. ಬುಟ್ಟಿ ಮೇಲೆ ಕೈ ಇಟ್ಲು. "ಕೊಡಲ್ಲ. ಈ ಗಂಟಿನಲ್ಲಿ ಇರೋದು ಯಾರ್ಯಾರು ಉಟ್ಟಿದ್ದೋ, ಯಾರು ಸತ್ತಾಗ ತೆಗೆದಿದ್ದೋ ನನಗೇ ಗೊತ್ತಿಲ್ಲ. ಮಗುಗೆ ಹಾಕೋದು ಅಜ್ಜಿ ಉಟ್ಟಿದ್ದನ್ನ. ನಿಂಗೆ ನಿನ್ನೋರು ಅಂತ ಯಾರೂ ಇಲ್ವೇನಣ್ಣ?"

ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ಕೇಳಿಸ್ಕೊಂಡ್ರು. ಬಾಂಬೇಲಿ ಇಷ್ಟು ವರ್ಷದಲ್ಲಿ ಯಾರೂ ನನ್ನ ಹಂಗೆ ಕೇಳಿರ್ಲಿಲ್ಲ. ಅಲ್ಲಿ ಯಾರಿಗೂ ಯಾರೂ ಇರಲ್ಲ, ಅದಕ್ಕೆ. ಇದೊಂದು ಸಾಮಾನು ಯಾವ ಅಂಗಡೀಲೂ ಸಿಗಲ್ಲ ಅಂತ ಅಲ್ಲಿ ನಿಂತು ತಿಳ್ಕೊಂಡೆ. ಹೊಸದು ಎಲ್ಲಿ ಬೇಕಾದ್ರೂ ಸಿಗುತ್ತೆ. ಹಳೇದು ಬೇಕು ಅಂದ್ರೆ ಜನ ಬೇಕು.

ನನ್ನೋಳು ಅಂತ ಇರೋದು ಅವ್ವ ಒಬ್ಬಳೇ. ತಾಳಗುಂದದ ಹತ್ರ ಊರು. ಅವಳನ್ನ ಕೇಳದೆ ಮರಾಠಿಯೋಳನ್ನ ಮದುವೆ ಆದಾಗಿಂದ ಹೋಗಿರ್ಲಿಲ್ಲ. ಭಾನುವಾರ ಹೋದೆ. ಶಿರಾಳಕೊಪ್ಪದಲ್ಲಿ ಬಸ್ ಬದಲಾಯಿಸಿದೆ, ರಸ್ತೇಲಿ ಇಳಿದು ಜೋಳದ ಹೊಲದ ಬದುವಿನ ಮೇಲೆ ನಡೆದೆ. ಅವ್ವ ಕಟ್ಟೆ ಮೇಲೆ ಕೂತು ಅವರೇಕಾಯಿ ಸುಲೀತಿದ್ಲು. ತಲೆ ಎತ್ತಿ ನೋಡಿದ್ಲು, ಮತ್ತೆ ಸುಲಿಯೋಕೆ ಹತ್ತಿದ್ಲು.

"ಏನ್ ಬಂದಿ?"

"ಹಳೇ ಸೀರೆ ಬೇಕಿತ್ತು."

"ಯಾರಿಗೆ?"

"ಮಗಳಿಗೆ. ಉಚ್ಚೆಬಟ್ಟೆಗೆ."

"ಮಗಳು ಹುಟ್ಯಾಳಂತ ನನಗ ಹೇಳಿದ್ದೇನು?"

"ಕಾರ್ಡ್ ಹಾಕಿದ್ದೆ."

"ನನಗ ಓದಾಕ ಬರ್ತೈತೇನು?"

"ಯಾರ ಹತ್ರನಾದ್ರೂ ಓದಿಸ್ಕೋಬೇಕಿತ್ತು."

"ಹ್ಞೂ. ಊರ ಮುಂದ ನಿಂತು ಓದಿಸ್ಕೊಂಡು ಮಾನ ಕಳ್ಕೋಬೇಕಿತ್ತು."

ನನಗೂ ಸಿಟ್ಟು ಬಂತು. "ಕೊಡ್ತಿಯೋ ಇಲ್ಲೋ ಹೇಳು. ಮಗು ಕುಂಡಿ ಸುಲಿದು ಹೋಗೈತೆ."

ಅವ್ವ ಕೈ ನಿಲ್ಲಿಸಿದ್ಲು. "ಹೊಸದು ಹಾಕಿದ್ದೇನು?"

ನಾನು ಬಗ್ಗಿ ಒಂದು ಅವರೇಕಾಯಿ ತಗೊಂಡು ಸುಲಿಯೋಕೆ ಹತ್ತಿದೆ.

"ಮೂಳ" ಅಂದ್ಲು. ಎದ್ದು ಒಳಗೆ ಹೋದ್ಲು.

ಹೊರಗೆ ತಂದಿದ್ದು ಸೀರೆ ಅಲ್ಲ, ಕೌದಿ. ನಮ್ಮ ಕಡೆ ಹಳೇ ಸೀರೆ ಸುಮ್ಮನೆ ಇರಲ್ಲ. ಪದರದ ಮೇಲೆ ಪದರ ಇಟ್ಟು, ಕೈಯಲ್ಲಿ ಸಣ್ಣ ಹೊಲಿಗೆ ಹಾಕಿ ಹೊದಿಕೆ ಮಾಡಿಬಿಡ್ತಾರೆ. ಅವ್ವನ ಹಳೇ ಸೀರೆ ಎಲ್ಲ ಅದರೊಳಗೇ ಇದ್ವು. ನಾಲ್ಕೂ ಮೂಲೆಗೆ ಕೆಂಪು ಬಟ್ಟೆ ಇಟ್ಟಿದ್ಲು, ಒಂದು ಸಲಾನೂ ಹೊದ್ದಿರ್ಲಿಲ್ಲ. ಯಾರಿಗೆ ಹೊಲಿದಿದ್ಲು ಅಂತ ನಾನು ಕೇಳಲಿಲ್ಲ. ಮಗನ ಮದುವೆಗೆ ಕೌದಿ ಹೊಲಿಯೋದು ನಮ್ಮಲ್ಲಿ ಇರೋದೇ.

ಬ್ಲೇಡು ತಂದ್ಲು. ಹೊಲಿಗೆ ಕೊಯ್ಯೋಕೆ ಕೂತಳು. "ನೋಡ್ತಾ ನಿಲ್ಲಬ್ಯಾಡ, ದಾರ ಎಳಿ."

ಮಧ್ಯಾಹ್ನ ಪೂರಾ ಕೊಯ್ದಳು, ಪೂರಾ ಬೈದಳು. ನಾನು ದಾರ ಎಳೆದೆ. ಮೇಲಿಂದ ಹಸಿರು ಸೀರೆ ಬಂತು, ಅದರ ಕೆಳಗೆ ನನ್ನ ಅಪ್ಪಂದು ಧೋತ್ರ, ಅದರ ಕೆಳಗೆ ನೀಲಿ ಸೀರೆ. ಕೈಯಲ್ಲಿ ಹಿಡಿದ್ರೆ ಹಿಡಿದಂಗೇ ಇಲ್ಲ, ಅಷ್ಟು ಮೆತ್ತಗೆ. ಅರ್ಧ ಕೌದಿ ಆದ ಮೇಲೆ ನಿಲ್ಲಿಸಿದ್ಲು. ಹರಿದು ಚೌಕ ಮಾಡಿ ಗಂಟು ಕಟ್ಟಿ ಕೊಟ್ಲು.

"ಉಳಿದಿದ್ದು?" ಅಂದೆ.

"ಇವು ಹರೀಲಿ. ಹರಿದ ಮ್ಯಾಲ ಬಾ."

ಮಗು ಕರ್ಕೊಂಡು ಬಾ ಅನ್ನಲಿಲ್ಲ. ಸೊಸೆ ಹೆಸರೇನು ಅಂತ ಕೇಳಲಿಲ್ಲ. ನನಗೆ ಇವತ್ತಿಗೂ ಉರಿಯುತ್ತೆ. ಅವಳ ಸೀರೆ ನನ್ನ ಮಗಳ ಮೈಗೆ ಆಗುತ್ತೆ, ನನ್ನ ಮಗಳು ಅವಳ ಮನೆಗೆ ಆಗಲ್ಲ. ಇದ್ಯಾವ ನ್ಯಾಯ ಅಂತ ನೀವು ಊರ ಕಡೆಯೋರೇ ಹೇಳ್ರಿ. ನನ್ನ ಮದುವೆ ಸುದ್ದಿ ಬಂದಾಗ ನೀವೂ ಮಾತಾಡಿದೋರೇ.

ಪುಟ್ಟಿಯ ಗಾಯ ವಾರದೊಳಗೆ ಮಾಗಿತು. ಗಿರಿಜಕ್ಕ ಬಂದು ಮೂಲೆ ಮಡಚಿ ಕಟ್ಟೋದು ತೋರಿಸಿದ್ಲು, ಗಂಟು ಮುಂದೆ ಬರಬೇಕು ಅಂತ. ಅಮಾವಾಸ್ಯೆ ಬಂತು, ಹೋಯ್ತು. ಮನೆ ಮಾತು ಎತ್ತಲಿಲ್ಲ. ಉಳಿದಿದ್ದ ಪ್ಯಾಡನ್ನ ಸುನಂದಾ ಚೀಲದ ಸಮೇತ ಅಟ್ಟದ ಮೇಲೆ ಹಾಕಿದ್ಲು. ಒದ್ದೆ ಅಂದ್ರೆ ಏನು ಅಂತ ಗೊತ್ತಾದ ಮೇಲೆ ಮಗು ತಾನೇ ಬಂದು ನನ್ನ ಲುಂಗಿ ಎಳೆಯೋಕೆ ಶುರು ಮಾಡಿತು. ಆ ಪ್ಯಾಡು ಇನ್ನೆರಡು ವರ್ಷ ಅದನ್ನ ಕಲಿಸ್ತಿರ್ಲಿಲ್ಲ.

ಸುನಂದಾಗೆ ಈಗ ಬೆಳಿಗ್ಗೆ ಅಂಗನವಾಡೀಲಿ ಅಡುಗೆ ಕೆಲಸ. ಒಗೆಯೋನು ನಾನು. ಬಾವಿಕಟ್ಟೆ ಹತ್ರ ಹೋಗೋ ಗಂಡಸರು ನಿಂತು ನೋಡ್ತಾರೆ. "ಎಂತ ಬಾಂಬೆ, ಹೆಂಡ್ತಿ ಸೀರೇನೂ ಒಗೀತೀಯಾ?" ಅಂತಾರೆ. ಇಲ್ಲಿ ನನ್ನ ಹೆಸರೇ ಬಾಂಬೆ. ಆವತ್ತು ನಮ್ಮೂರಿಂದ ವಾಪಸ್ ಬರುವಾಗ ಬದುವಿನ ಮೇಲೆ ಸಿಕ್ಕೋನು "ಏನೋ ಸೊರಬದೋನೇ" ಅಂದ. ನಾನು ಯಾವ ಊರಲ್ಲಿ ನಿಂತಿದ್ರೂ ಆ ಊರಿನ ಹೆಸರಲ್ಲಿ ಒಬ್ಬನೂ ಕರೆಯಲ್ಲ.

ಒಗೆದು ತಂತಿ ಮೇಲೆ ಹಾಕಿದ್ರೆ ಗಿರಿಜಕ್ಕ ಅಂಚು ಮುಟ್ಟಿ ನೋಡ್ತಾಳೆ. "ಇದು ನಮ್ಮ ಕಡೇದಲ್ಲ. ಗಟ್ಟಿ ನೂಲು" ಅಂತಾಳೆ. ರಜೆ ದಿನ ಸುನಂದಾ ಒಳಗಿಂದ ಕೂಗ್ತಾಳೆ, "ಕಲ್ಲಿಗೆ ಹಂಗೆ ಬಡೀಬೇಡ, ಹಳೇ ಬಟ್ಟೆ, ಹರಿದು ಹೋಗುತ್ತೆ."

ನಾನು ಇನ್ನೂ ಜೋರಾಗಿ ಬಡೀತೀನಿ. ಹರಿದ ಮೇಲೆ ಬಾ ಅಂದಾಳಲ್ಲ ಅವ್ವ.